ಫೋನಿನಲ್ಲಿ ಶಾರ್ಪ್, ಗೋಡೆಯ ಮೇಲೆ ಮಂಕು: ಒಂದು ಮಿಂಚುಳ್ಳಿ ಚಿತ್ರದ ಪ್ರಕರಣ

ಹಿನ್ನೆಲೆ

ಹದಿನೆಂಟು ಜನರ ಒಂದು ಹವ್ಯಾಸಿ ಗುಂಪು. ಹಕ್ಕಿ, ಚಿಟ್ಟೆ, ಅಪರೂಪಕ್ಕೆ ಮುಂಗುಸಿ, ನರಿ. ವಾರವಿಡೀ ಫೋನಿನ ಗುಂಪಿನಲ್ಲಿ ಚಿತ್ರ ಹಂಚಿಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಎರಡು ದಿನದ ಪ್ರದರ್ಶನ ಇಡುತ್ತಾರೆ. ಪ್ರದರ್ಶನಕ್ಕೆ ಇಪ್ಪತ್ತು ಚಿತ್ರ. ಅದರಲ್ಲಿ ನಡುಗೋಡೆಗೆ ಒಂದೇ ಒಂದು ದೊಡ್ಡದು, 24×16 ಇಂಚು. ಆ ಜಾಗಕ್ಕೆ ಯಾವ ಚಿತ್ರ ಹೋಗಬೇಕು ಎಂಬುದು ಗುಂಪಿನಲ್ಲಿ ಬಿದ್ದ ಮೆಚ್ಚುಗೆಯ ಲೆಕ್ಕದ ಮೇಲೆ ತೀರ್ಮಾನವಾಗುತ್ತಿತ್ತು. ತೊಡಕು ಹುಟ್ಟಿದ್ದೇ ಇಲ್ಲಿ.

ಗುರುತು ಸಿಗದಿರಲೆಂದು ಚಿತ್ರ ತೆಗೆದವರನ್ನು ‘ಕ’ ಎಂದೂ, ಮುದ್ರಣದ ಹೊಣೆ ಹೊತ್ತವರನ್ನು ‘ಚ’ ಎಂದೂ ಕರೆದಿದೆ. ಜಾಗದ ಹೆಸರನ್ನು ಬೇಕೆಂದೇ ಬಿಟ್ಟಿದೆ. ಯಾಕೆಂಬುದು ಮುಂದೆ ತಿಳಿಯುತ್ತದೆ.

‘ಕ’ ಅವರ ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರಿನದು, ಅಂದರೆ 6000×4000 ಪಿಕ್ಸೆಲ್. ಲೆನ್ಸು 150-600 ಮಿ.ಮೀ. ಜೂಮ್. ಚಿತ್ರ ಕಪ್ಪು-ಬಿಳಿ ಮಿಂಚುಳ್ಳಿಯದು: ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕೊಕ್ಕನ್ನು ಕೆಳಗೆ ನೆಟ್ಟ ಗಳಿಗೆ. ನಿಲ್ಲಿಸಿದ ಕಾರಿನ ಕಿಟಕಿಯ ಮೇಲೆ ಬೀನ್‌ಬ್ಯಾಗ್ ಇಟ್ಟು, ಬೆಳಿಗ್ಗೆ 11:20ಕ್ಕೆ, ಸುಮಾರು 35 ಮೀಟರ್ ದೂರದಿಂದ ತೆಗೆದದ್ದು. 600 ಮಿ.ಮೀ., ಎಫ್/6.3, ಶಟರ್ 1/1600, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಅಳತೆ) 250. ಕಾಗದದ ಮೇಲೆ ನೋಡಿದರೆ ಯಾವುದೂ ತಪ್ಪಿಲ್ಲ.

ಗುಂಪಿಗೆ ಬಿದ್ದ ಕೂಡಲೇ ‘ಸೂಪರ್ ಮೇಡಂ’, ‘ಟ್ಯಾಕ್ ಶಾರ್ಪ್!’, ‘ಈ ವರ್ಷದ ಫೋಟೊ ಇದೇ’. ಕೈಮುಗಿದ ಚಿಹ್ನೆಗಳ ಸಾಲು ಬೇರೆ. ನಡುಗೋಡೆ ಮಿಂಚುಳ್ಳಿಗೆ ಎಂದು ಅಂದು ಸಂಜೆಯೇ ನಿಶ್ಚಯವಾಯಿತು.

ಸಮಸ್ಯೆ

ಮುದ್ರಣದ ಪ್ರೂಫ್ ಬಂದಾಗ ಮೊದಲು ನೋಡಿದವರು ‘ಚ’. ಹಕ್ಕಿಯ ಎದೆ ಎಣ್ಣೆಬಣ್ಣ ಬಳಿದ ಹಾಗಿತ್ತು. ಕಣ್ಣಿನ ಸುತ್ತ ಗರಿಗಳ ಬದಲು ಬೂದು ಮಸಿ. ಕೊಕ್ಕಿನ ಅಂಚಿಗೆ ಬಿಳಿಯ ಗೆರೆಯೊಂದು ಅಂಟಿಕೊಂಡಿತ್ತು. ಶಾರ್ಪನಿಂಗ್ ಅತಿಯಾದಾಗ ಬರುವ ಗೆರೆ ಅದು.

ಲೆಕ್ಕ ಹಾಕಿದರೆ ಇದರಲ್ಲಿ ಅರ್ಧ ಮೊದಲೇ ಗೊತ್ತಾಗಬೇಕಿತ್ತು. ಈ ಹಕ್ಕಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 25 ಸೆಂ.ಮೀ. 600 ಮಿ.ಮೀ. ಲೆನ್ಸಿನಲ್ಲಿ 35 ಮೀಟರ್ ದೂರದಿಂದ ಅದು ಸೆನ್ಸರಿನ ಮೇಲೆ ನಾಲ್ಕು ಮಿ.ಮೀ.ಗಿಂತ ತುಸು ಹೆಚ್ಚು ಉದ್ದಕ್ಕೆ ಬೀಳುತ್ತದೆ, ಅಂದರೆ ಸುಮಾರು 1,100 ಪಿಕ್ಸೆಲ್. ‘ಕ’ ಅವರು ಅದನ್ನು 1800×1200ಕ್ಕೆ ಕ್ರಾಪ್ ಮಾಡಿದ್ದರು. ಉಳಿದದ್ದು ಮೂಲ ಚಿತ್ರದ ಶೇ. 9 ಮಾತ್ರ. ಫೋನಿನ ಪರದೆಯ ಅಗಲ ಏಳು ಸೆಂ.ಮೀ. ಇದ್ದರೆ ಅಷ್ಟರಲ್ಲಿ 1800 ಪಿಕ್ಸೆಲ್ ತುರುಕಿದಂತಾಯಿತು, ಯಾವ ಚಿತ್ರವೂ ಹರಳಿನಂತೆ ಕಾಣುತ್ತದೆ. ಅದನ್ನೇ 24 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 75 ಪಿಕ್ಸೆಲ್. ಗೋಡೆಯ ಚಿತ್ರಕ್ಕೆ ಇಂಚಿಗೆ 150 ಇದ್ದರೆ ಹೇಗೋ ನಡೆಯುತ್ತದೆ, 200 ದಾಟಿದರೆ ನಿಶ್ಚಿಂತೆ. 75 ಎಂದರೆ ಎಳೆದ ರಬ್ಬರು.

ಈ ಕೊರತೆ ತುಂಬಿಸಲು ‘ಕ’ ಅವರು ಎಐ ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿದ್ದರು. 7200×4800 ಆಯಿತು, ಇಂಚಿಗೆ 300. ಸಂಖ್ಯೆ ತುಂಬಿತು, ಗರಿ ತುಂಬಲಿಲ್ಲ.

ಪ್ರೂಫಿನ ಫೋಟೊವನ್ನು ಗುಂಪಿಗೆ ಹಾಕಿದಾಗ, ಸಾಮಾನ್ಯವಾಗಿ ಸುಮ್ಮನಿರುವ ಹಿರಿಯ ಸದಸ್ಯರೊಬ್ಬರು ಒಂದೇ ಸಾಲು ಬರೆದರು: ‘ಇದು ಗಂಡೋ ಹೆಣ್ಣೋ?’ ಈ ಜಾತಿಯಲ್ಲಿ ಗಂಡಿನ ಎದೆಯ ಮೇಲೆ ಎರಡು ಕಪ್ಪು ಪಟ್ಟಿ. ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾದದ್ದು. ಪ್ರೂಫಿನಲ್ಲಿದ್ದದ್ದು ತುಂಡಾಗದ ಒಂದೇ ಪಟ್ಟಿ. ಅಂಥ ಹಕ್ಕಿ ಇಲ್ಲ. ಮೂಲ ಫೈಲು ತೆರೆದು ನೋಡಿದರೆ ಪಟ್ಟಿಯ ನಡುವೆ ಹತ್ತು-ಹನ್ನೆರಡು ಪಿಕ್ಸೆಲ್ ಅಗಲದ ಮಸುಕು ಬಿಳುಪು ಇತ್ತು. ಸಾಫ್ಟ್‌ವೇರು ಅದನ್ನು ಕಲೆ ಎಂದುಕೊಂಡು ಎರಡೂ ಕಡೆಯ ಕಪ್ಪನ್ನು ಎಳೆದು ಹೊಲಿದುಬಿಟ್ಟಿತ್ತು.

ಅಷ್ಟು ಮೆಚ್ಚುಗೆಯ ನಡುವೆ ಚಿತ್ರಕ್ಕೆ ಉಪಯೋಗವಾದ ಮೊದಲ ಮಾತು ಆ ಪ್ರಶ್ನೆ. ಅದರಲ್ಲಿ ಹೊಗಳಿಕೆಯೂ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ.

ಏನೇನು ಮಾಡಿದರು

ಮೊದಲ ಊಹೆ ಎಲ್ಲರ ಮೊದಲ ಊಹೆಯೇ: ಲೆನ್ಸು ಸರಿಯಿಲ್ಲ. ‘600ರಲ್ಲಿ ಆ ಲೆನ್ಸು ಮೆತ್ತಗೇ’ ಎಂದು ಇಬ್ಬರು, ‘ಪ್ರೈಮ್ ಲೆನ್ಸ್ ತಗೊಳ್ಳಿ’ ಎಂದು ಮತ್ತೊಬ್ಬರು. ಹೊಸ ಲೆನ್ಸಿಗೆ ಹಣ ಸುರಿಯುವ ಮೊದಲು ಒಂದು ಬೆಳಗಿನ ಪರೀಕ್ಷೆ ಮಾಡೋಣ ಎಂದು ‘ಚ’ ಹೇಳಿದ್ದು ದೊಡ್ಡ ಉಪಕಾರವಾಯಿತು.

ಪರೀಕ್ಷೆ ಸರಳ. ಗೋಡೆಗೆ ಒಂದು ಪತ್ರಿಕೆಯ ಹಾಳೆ, ಅದರಿಂದ ಹತ್ತು ಮೀಟರ್ ದೂರದಲ್ಲಿ ಟ್ರೈಪಾಡ್. ಸ್ಟೆಬಿಲೈಸರ್ ಆಫ್, ಎರಡು ಸೆಕೆಂಡಿನ ಟೈಮರ್. ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಹಿಡಿದು, ಎಫ್/6.3ರಲ್ಲಿ ಹತ್ತು, ಎಫ್/8ರಲ್ಲಿ ಹತ್ತು. ಫೋಕಸ್ ಕೆಡಿಸಿ ಮತ್ತೆ ಹಿಡಿಯುವುದನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ. ಒಂದೇ ಫೋಕಸ್ಸಿನ ಇಪ್ಪತ್ತು ನಕಲು ಸಿಗುತ್ತದೆ ಅಷ್ಟೆ. ಎಫ್/8 ಒಂದು ಕೂದಲಿನಷ್ಟು ಮೇಲು, ಎಫ್/6.3ರಲ್ಲೂ ಸಣ್ಣಕ್ಷರ ಸ್ಪಷ್ಟ. ಲೆನ್ಸು ನಿರ್ದೋಷಿ.

ಎರಡನೆಯ ಊಹೆ ಫೋಕಸ್ ತಪ್ಪಿದೆ ಎಂಬುದು. 35 ಮೀಟರಿನಲ್ಲಿ, ಈ ಲೆನ್ಸು ಮತ್ತು ಎಫ್/6.3ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 85 ಸೆಂ.ಮೀ. ಹಕ್ಕಿ ಇರುವುದೇ 25 ಸೆಂ.ಮೀ. ಫೋಕಸ್ ಒಂದು ಗೇಣು ಹಿಂದೆಮುಂದೆ ಆದರೂ ಹಕ್ಕಿ ಆ ಆಳದೊಳಗೇ ಇರುತ್ತದೆ. ಹಿಂದಿನ ಜೊಂಡೂ ಶಾರ್ಪ್ ಇರಲಿಲ್ಲ, ಮುಂದಿನ ನೀರಿನ ಅಲೆಯೂ ಶಾರ್ಪ್ ಇರಲಿಲ್ಲ. ಫೋಕಸ್ ತಪ್ಪಿದ್ದರೆ ಬೇರೆ ಎಲ್ಲಾದರೂ ಕೂತಿರಬೇಕಿತ್ತು.

ಮೂರನೆಯದು ಕೈ ನಡುಕ. 1/1600ರಲ್ಲಿ, ಬೀನ್‌ಬ್ಯಾಗ್ ಮೇಲೆ, ಅದು ನಂಬುವ ಮಾತಲ್ಲ. ನಡುಗಿದ್ದರೂ ಮಸುಕು ಒಂದು ದಿಕ್ಕಿಗೆ ಎಳೆದಿರುತ್ತದೆ, ಅಂಚುಗಳು ಜೋಡಿಜೋಡಿಯಾಗಿ ಕಾಣುತ್ತವೆ.

ಇಷ್ಟಾದ ಮೇಲೆ ‘ಚ’ ಒಂದು ಮಾತು ಕೇಳಿದರು: ಆ ಒಂದು ಫ್ರೇಮ್ ಬೇಡ, ಆ ಹೊತ್ತಿನ ಇಡೀ ಬರ್ಸ್ಟ್ (ಒಂದೇ ಸಮನೆ ತೆಗೆದ ಫ್ರೇಮುಗಳ ಸಾಲು) ಕಳಿಸಿ. ಇಪ್ಪತ್ತೆರಡು ಫ್ರೇಮ್ ಇದ್ದವು. ಫೋಟೊ ಎಂದು ಕಳಿಸಿದರೆ ಸಂದೇಶದ ಆ್ಯಪ್ ಅವನ್ನು ಕುಗ್ಗಿಸಿ ಹಿಂಡುತ್ತದೆ, ನೋಡಬೇಕಾದ್ದೇ ಅಳಿಸಿಹೋಗುತ್ತದೆ. ಹಾಗಾಗಿ ಕ್ಯಾಮೆರಾದ ಜೆಪೆಗ್‌ಗಳನ್ನೇ ‘ಡಾಕ್ಯುಮೆಂಟ್’ ಆಗಿ ಗುಂಪಿಗೇ ಕಳಿಸಿದರು, ಎಲ್ಲರೂ ನೋಡಿ ಕಲಿಯಲಿ ಎಂದು. ಆಗ ಇದು ಒಳ್ಳೆಯ ತೀರ್ಮಾನವಾಗಿಯೇ ಕಂಡಿತ್ತು.

ಶೇ. 100ರಲ್ಲಿ ಒಂದರ ಹಿಂದೊಂದು ಫ್ರೇಮ್ ಒತ್ತುತ್ತಾ ಹೋದರೆ ಉತ್ತರ ಕಣ್ಣಮುಂದೆ ಕುಣಿಯಿತು. ಒಂದರಲ್ಲಿ ಕೊಕ್ಕಿನ ಅಂಚು ಅಲೆಯಲೆ, ಮುಂದಿನದರಲ್ಲಿ ಕೊಕ್ಕು ನೆಟ್ಟಗೆ ಆದರೆ ಬಾಲ ಕರಗಿದೆ, ಅದರ ಮುಂದಿನದರಲ್ಲಿ ಕಣ್ಣು ಒಂದಿಷ್ಟು ಚಪ್ಪಟೆ. ಲೆನ್ಸಿನ ದೋಷವಾದರೆ ಎಲ್ಲ ಫ್ರೇಮಿನಲ್ಲೂ ಒಂದೇ ಥರ ಇರುತ್ತದೆ. ಪ್ರತಿ ಫ್ರೇಮಿನಲ್ಲೂ ಆಕಾರವೇ ಬೇರೆಯಾದರೆ ಅದು ಗಾಳಿ. ಡಾಂಬರು ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯುವುದು ಬರಿಗಣ್ಣಿಗೆ ಕಾಣುತ್ತದೆ. ಅದರ ಎಳೆಯ ತಮ್ಮ ನೀರಿನ ಅಂಚಿನ ಕಾದ ಮಣ್ಣಿನ ಮೇಲೂ ಇರುತ್ತಾನೆ, 600 ಮಿ.ಮೀ. ಲೆನ್ಸಿಗೆ ಮಾತ್ರ ಕಾಣಿಸಿಕೊಳ್ಳುತ್ತಾನೆ. ಬಿಸಿಗಾಳಿ ಮತ್ತು ತಂಪುಗಾಳಿ ಬೆಳಕನ್ನು ಒಂದೇ ಸಮ ಬಗ್ಗಿಸುವುದಿಲ್ಲ. ಎರಡೂ ಕಲೆಯುತ್ತಿರುವ ಕಡೆ ಬೆಳಕಿನ ದಾರಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಶಟರ್ ಎಷ್ಟೇ ವೇಗವಿರಲಿ, ಬಾಗಿ ಬಂದ ಬೆಳಕು ಬಾಗಿಯೇ ದಾಖಲಾಗುತ್ತದೆ.

ಇಲ್ಲಿ ಎರಡು ಕಡೆಯಿಂದ ಪೆಟ್ಟು ಬಿದ್ದಿತ್ತು. ಒಂದು, ಮೂರು ಗಂಟೆ ಬಿಸಿಲು ಕುಡಿದ ದಂಡೆ. ಇನ್ನೊಂದು ಯಾರೂ ಯೋಚಿಸದ್ದು: ಕಾರು. ಬಿಸಿಲಲ್ಲಿ ನಿಂತ ಕಾರಿನೊಳಗಿನ ಕಾದ ಗಾಳಿ ಕಿಟಕಿಯಿಂದ ಹೊರಬೀಳುವ ಜಾಗದಲ್ಲೇ, ಲೆನ್ಸಿನ ಮೂಗಿನ ಮುಂದೆಯೇ, ತಂಪುಗಾಳಿಗೆ ಕಲೆಯುತ್ತದೆ. ಎಸಿ ಹಾಕಿದ್ದರೂ ಅಷ್ಟೇ, ಅದಲುಬದಲು.

ಖಾತ್ರಿಗಾಗಿ ಮತ್ತೊಂದು ನೀರಿನ ಬದಿಯಲ್ಲಿ, ಹಕ್ಕಿಯಿಲ್ಲದ ಕಡೆ, 35 ಮೀಟರ್ ದೂರದ ಒಂದು ಮರದ ಗೂಟದ ಕಡೆಗೆ ಕ್ಯಾಮೆರಾ ನೆಟ್ಟು ಕೂತರು. 6:45ಕ್ಕೆ ಮೂವತ್ತು ಫ್ರೇಮ್, ಟ್ರೈಪಾಡಿನಿಂದ, ಕಾರಿನ ಹೊರಗೆ. 11:30ಕ್ಕೆ ಅದೇ ಜಾಗದಿಂದ ಮೂವತ್ತು. ಮತ್ತೆ ಕಾರಿನೊಳಗಿಂದ ಮೂವತ್ತು. ಬೆಳಗಿನವು ಐಎಸ್‌ಒ 1250ರಲ್ಲಿ, ಕಾಳುಕಾಳಾಗಿ. ಆದರೂ ಗೂಟದ ಸೀಳು ಎಣಿಸುವಂತಿತ್ತು. 11:30ರವು ಐಎಸ್‌ಒ 250ರಲ್ಲಿ, ನುಣುಪಾಗಿ, ಸೀಳುಗಳೇ ಇಲ್ಲ. ಕಾರಿನೊಳಗಿನವು ಅದಕ್ಕಿಂತಲೂ ಕಡೆ. ಕಡಿಮೆ ಐಎಸ್‌ಒ ಸಿಗಲಿ ಎಂದು ಬಿಸಿಲೇರುವವರೆಗೆ ಕಾಯುವ ಅಭ್ಯಾಸ ಹೊಸಬರಲ್ಲಿ ಬಹಳ. ನಾಯ್ಸ್ ಅನ್ನು, ಅಂದರೆ ಐಎಸ್‌ಒ ಏರಿದಾಗ ಬರುವ ಆ ಕಾಳುಗಳನ್ನು, ಸಾಫ್ಟ್‌ವೇರು ತಕ್ಕಮಟ್ಟಿಗೆ ತೊಳೆಯುತ್ತದೆ. ಗಾಳಿ ನುಂಗಿದ ಗರಿಯನ್ನು ಯಾವುದೂ ತಂದುಕೊಡುವುದಿಲ್ಲ. ಹೆಚ್ಚೆಂದರೆ ಊಹಿಸಿ ಬರೆದುಕೊಡುತ್ತದೆ, ಎದೆಪಟ್ಟಿ ಹೊಲಿದ ಹಾಗೆ.

ಇನ್ನೊಂದು ತೊಡಕು

ಕಾರಣ ಸಿಕ್ಕಿತೆಂದು ಗುಂಪು ಖುಷಿಯಲ್ಲಿದ್ದಾಗ, ಮರುವಾರ ಬೇರೊಬ್ಬ ಸದಸ್ಯರಿಂದ ಒಂದು ಚಿತ್ರ ಬಂತು. ಅದೇ ಹಕ್ಕಿ, ಅದೇ ದಂಡೆ, ತೀರಾ ಹತ್ತಿರದಿಂದ. ಬಾಯಲ್ಲಿ ಮೀನು ಹಿಡಿದು ಬೇರಿನ ಮೇಲೆ ಕೂತು ಕೂಗುತ್ತಿದೆ. ಮೆಚ್ಚುಗೆಯ ಸಾಲು ಮತ್ತೆ ಶುರುವಾಯಿತು.

ಜಾಗವನ್ನು ‘ಕ’ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಅವರ ಫೈಲು. ಚಿತ್ರವನ್ನು ಫೋಟೊ ಎಂದು ಕಳಿಸಿದಾಗ ಆ್ಯಪ್ ಅದರೊಳಗಿನ ಎಕ್ಸಿಫ್ ಮಾಹಿತಿಯನ್ನು (ಹೊತ್ತು, ಶಟರ್, ಸ್ಥಳದಂಥ ವಿವರಗಳನ್ನು) ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಎಲ್ಲವೂ ಹಾಗೇ ಹೋಗುತ್ತದೆ. ಅವರ ಕ್ಯಾಮೆರಾದಲ್ಲಿ ಜಿಪಿಎಸ್ ಇರಲಿಲ್ಲ. ಆದರೆ ಚಿತ್ರಗಳನ್ನು ಫೋನಿಗೆ ಇಳಿಸಲೆಂದು ಹಾಕಿಕೊಂಡ ಕಂಪನಿಯ ಆ್ಯಪ್ ಬ್ಲೂಟೂತ್ ಮೂಲಕ ಫೋನಿನ ಸ್ಥಳವನ್ನು ಪ್ರತಿ ಫ್ರೇಮಿಗೂ ಬರೆಯುತ್ತಿತ್ತು. ಮೊದಲ ದಿನ ‘ಅನುಮತಿಸು’ ಎಂದು ಒತ್ತಿದ್ದು ಅವರಿಗೆ ನೆನಪೂ ಇರಲಿಲ್ಲ. ಗುಂಪಿನಲ್ಲೊಬ್ಬರು ಫೈಲಿನ ವಿವರ ತೆರೆದರು, ನಕ್ಷೆ ಬಂತು, ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಹೋದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಹಿರಿಯ ಸದಸ್ಯರು ಈ ಸಲವೂ ಒಂದೇ ಪ್ರಶ್ನೆ ಕೇಳಿದರು: ‘ಮೀನಿನ ತಲೆ ಯಾವ ಕಡೆ ಇದೆ?’ ತಾನೇ ತಿನ್ನುವ ಮಿಂಚುಳ್ಳಿ ಮೀನಿನ ತಲೆಯನ್ನು ಗಂಟಲಿನ ಕಡೆಗೆ ತಿರುಗಿಸಿಕೊಳ್ಳುತ್ತದೆ, ರೆಕ್ಕೆ-ಮುಳ್ಳು ಸಿಕ್ಕಿಕೊಳ್ಳದಿರಲೆಂದು. ಬೇರೆಯವರಿಗೆ ಉಣಿಸಲು ಒಯ್ಯುವಾಗ ತಲೆ ಹೊರಗೆ. ಈ ಚಿತ್ರದಲ್ಲಿ ತಲೆ ಹೊರಗಿತ್ತು. ಅಂದರೆ ಹತ್ತಿರದಲ್ಲೇ ದಂಡೆಯ ಮಣ್ಣಿನಲ್ಲಿ ಕೊರೆದ ಸುರಂಗ, ಅದರೊಳಗೆ ಜೊತೆಗಾರ ಹಕ್ಕಿಯೋ ಮರಿಗಳೋ. ಮೂವರೂ ಬಿಲದ ಬಾಯಿಯಿಂದ ಹನ್ನೆರಡು ಮೀಟರ್ ದೂರದಲ್ಲಿ ಎರಡು ಗಂಟೆ ಕೂತಿದ್ದರು ಎಂಬುದು ಕೇಳಿದಾಗ ಗೊತ್ತಾಯಿತು. ಎಲ್ಲರೂ ಮೆಚ್ಚಿದ ಆ ‘ಕೂಗುವ ಭಂಗಿ’, ಮೀನು ಹಿಡಿದು ಮನೆಯೊಳಗೆ ಹೋಗಲಾರದೆ ಇಟ್ಟ ಮೊರೆ.

ಇಲ್ಲಿ ತೀರ್ಮಾನಗಳು ಬೇಗ ಬೇಗ ಆದವು. ಇಪ್ಪತ್ತೆರಡೂ ಫೈಲನ್ನು ಗುಂಪಿನಿಂದ ಅಳಿಸಿದರು. ಅಳಿಸಿದರೆ ಸಾಲದು, ಇಳಿಸಿಕೊಂಡವರ ಫೋನಿನಲ್ಲಿ ನಕಲು ಉಳಿಯುತ್ತದೆ; ಆದ್ದರಿಂದ ಪ್ರತಿಯೊಬ್ಬರಿಗೂ ‘ಕ’ ಅವರೇ ಫೋನ್ ಮಾಡಿ ಕೇಳಿಕೊಂಡರು. ಹತ್ತಿರದ ಚಿತ್ರವನ್ನು ಅದನ್ನು ಹಾಕಿದವರೇ ತೆಗೆದರು. ಅವರನ್ನು ಗುಂಪಿನಲ್ಲಿ ಬೈಯುವುದು ಬೇಡ ಎಂದು ಮೊದಲೇ ಮಾತಾಗಿತ್ತು, ಅದು ಸರಿಯಾದ ಮಾತು. ಬೈದಿದ್ದರೆ ಮುಂದಿನ ಸಲ ಚಿತ್ರ ಹಾಕುವವರು ಎಷ್ಟು ದೂರದಿಂದ ತೆಗೆದದ್ದು ಎಂಬುದನ್ನೇ ಮುಚ್ಚಿಡುತ್ತಿದ್ದರು. ನಾಲ್ಕನೆಯ ದಿನ ಗುಂಪಿನಿಂದ ಒಬ್ಬರು ಮಾತ್ರ ಹೋಗಿ, 80 ಮೀಟರ್ ದೂರದಿಂದ ಬೈನಾಕ್ಯುಲರ್ ಹಿಡಿದು ಅರ್ಧ ಗಂಟೆ ನೋಡಿ ಬಂದರು. ಹಕ್ಕಿ ಮೀನಿನೊಂದಿಗೆ ಬಂತು, ಎಲ್ಲೂ ಕೂರದೆ ನೇರ ಬಿಲದೊಳಗೆ ಹೋಯಿತು. ಆಮೇಲೆ ಯಾರೂ ಆ ಕಡೆ ಹೋಗಲಿಲ್ಲ. ಮರಿಗಳು ಹೊರಬಂದವೋ ಇಲ್ಲವೋ ಗೊತ್ತಿಲ್ಲ. ಹೋಗಿ ನೋಡಬಾರದು ಎಂಬುದೇ ತೀರ್ಮಾನವಾಗಿತ್ತಲ್ಲ.

ಗುಂಪಿನಲ್ಲಿ ಬದಲಾದದ್ದು

ಫೈಲು ಹಂಚುವುದನ್ನು ನಿಲ್ಲಿಸೋಣ ಎಂದು ಕೆಲವರು ಅಂದರು. ಅದು ನಡೆದಿದ್ದರೆ ಗುಂಪು ಮತ್ತೆ ‘ಸೂಪರ್ ಮೇಡಂ’ಗೆ ಮರಳುತ್ತಿತ್ತು. ಬದಲಿಗೆ ಫೈಲಿನಿಂದ ಸ್ಥಳ ತೆಗೆದು ಹಂಚುವುದೆಂದಾಯಿತು. ಕ್ಯಾಮೆರಾ ಕಂಪನಿಯ ಆ್ಯಪ್‌ಗೆ ಫೋನಿನ ಸೆಟ್ಟಿಂಗ್‌ನಲ್ಲಿ ಸ್ಥಳದ ಅನುಮತಿ ಬಂದ್ ಮಾಡುವುದು ಮೊದಲ ಹೆಜ್ಜೆ. ಇನ್ನು ಮುಂದಿನ ಚಿತ್ರಗಳಿಗೆ ಅಷ್ಟು ಸಾಕು. ಹಳೆಯ ಚಿತ್ರಗಳಿಗೆ, ಲೈಟ್‌ರೂಮ್ ಬಳಸುವವರು ಎಕ್ಸ್‌ಪೋರ್ಟ್ ಮಾಡುವಾಗ ಸ್ಥಳದ ಮಾಹಿತಿ ತೆಗೆಯುವ ಗುರುತನ್ನು ಒತ್ತುತ್ತಾರೆ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಡೀಟೇಲ್ಸ್‌ಗೆ ಹೋದರೆ ಕೆಳಗೆ ವೈಯಕ್ತಿಕ ಮಾಹಿತಿ ತೆಗೆಯುವ ಕೊಂಡಿ ಇದೆ. ರಾಶಿ ಫೈಲುಗಳಿದ್ದರೆ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರು. ಶಟರ್, ಅಪರ್ಚರ್, ಐಎಸ್‌ಒ, ಹೊತ್ತು ಉಳಿಯಬೇಕು, ಜಿಪಿಎಸ್ ಮಾತ್ರ ಹೋಗಬೇಕು. ಎಲ್ಲವನ್ನೂ ಅಳಿಸಿಬಿಟ್ಟರೆ ಕಲಿಯಲು ಏನೂ ಉಳಿಯುವುದಿಲ್ಲ.

ಕಂಡ ಜೀವಿಗಳನ್ನು ದಾಖಲಿಸುವ ತಾಣಗಳಿಗೆ ಚಿತ್ರ ಹಾಕುವವರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಐನ್ಯಾಚುರಲಿಸ್ಟ್ ಅಳಿವಿನಂಚಿನ ಜಾತಿಗಳ ಜಾಗವನ್ನು ತಾನಾಗಿಯೇ ಮಸುಕುಗೊಳಿಸಿ, 0.2 ಡಿಗ್ರಿ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುತ್ತದೆ. ಸಮಭಾಜಕದ ಬಳಿ ಆ ಚೌಕದ ಒಂದು ಬದಿ ಸುಮಾರು 22 ಕಿ.ಮೀ. ಈಬರ್ಡ್ ಕೂಡ ಸೂಕ್ಷ್ಮ ಎಂದು ಪಟ್ಟಿ ಮಾಡಿದ ಜಾತಿಗಳ ಜಾಗವನ್ನು ಬಚ್ಚಿಡುತ್ತದೆ. ಕಪ್ಪು-ಬಿಳಿ ಮಿಂಚುಳ್ಳಿ ಅಪಾಯದಲ್ಲಿರುವ ಜಾತಿಯಲ್ಲ, ಹಾಗಾಗಿ ಈ ಕಾವಲು ಅದಕ್ಕೆ ತಾನಾಗಿ ಸಿಗುವುದಿಲ್ಲ. ಸಾಮಾನ್ಯ ಹಕ್ಕಿಯ ಗೂಡಿಗೆ ಕಾವಲು ಚಿತ್ರ ಹಾಕುವವರ ಕೈಯಲ್ಲೇ ಇದೆ. ಐನ್ಯಾಚುರಲಿಸ್ಟ್‌ನಲ್ಲಾದರೆ ಮಸುಕುಗೊಳಿಸುವ ಆಯ್ಕೆಯನ್ನು ಅವರೇ ಒತ್ತಬೇಕು.

ಮೆಚ್ಚುವ ಬಗೆಯೂ ಬದಲಾಯಿತು, ನಿಧಾನವಾಗಿ. ಕ್ರಾಪ್ ಮಾಡಿದ ಚಿತ್ರದ ಪಕ್ಕ ಇಡೀ ಫ್ರೇಮನ್ನು ಚಿಕ್ಕದಾಗಿ ಹಾಕುವುದು, ಕೆಳಗೆ ಕ್ರಾಪ್ ಶೇಕಡಾ ಎಷ್ಟು, ಅಂದಾಜು ದೂರ, ಹೊತ್ತು ಬರೆಯುವುದು ರೂಢಿಗೆ ಬಂತು. ಪ್ರತಿಕ್ರಿಯಿಸುವವರು ಚಿತ್ರದಲ್ಲಿ ಕಂಡ ಒಂದು ವಿವರವನ್ನಾದರೂ ಹೆಸರಿಸಬೇಕು. ಮೊದಮೊದಲು ಪ್ರತಿಕ್ರಿಯೆಗಳು ಅರ್ಧಕ್ಕಿಳಿದವು, ಕೆಲವರಿಗೆ ಬೇಸರವೂ ಆಯಿತು. ಆದರೆ ‘ಬೆನ್ನಿನ ಬಿಳಿ ಸುಟ್ಟಿದೆ, ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ ನೋಡಿ’ ಎಂಬಂಥ ಒಂದು ಸಾಲು ಸಿಕ್ಕವರಿಗೆ ಹತ್ತು ಕೈಮುಗಿತದ ನೆನಪಾಗಲಿಲ್ಲ. ಕಪ್ಪು-ಬಿಳಿ ಹಕ್ಕಿಗೆ ಆ ಸಲಹೆ ಯಾವಾಗಲೂ ಕೆಲಸಕ್ಕೆ ಬರುತ್ತದೆ: ಕಪ್ಪಿನಲ್ಲಿ ಅಡಗಿದ ವಿವರವನ್ನು ಕಚ್ಚಾ ಫೈಲಿನಿಂದ ಎತ್ತಬಹುದು, ಸುಟ್ಟುಹೋದ ಬಿಳುಪಿನಲ್ಲಿ ಎತ್ತಲು ಏನೂ ಇರುವುದಿಲ್ಲ.

ಪ್ರದರ್ಶನ

ಸುರಂಗವಿದ್ದ ದಂಡೆಗೆ ಹೋಗುವಂತಿರಲಿಲ್ಲವಾದ್ದರಿಂದ ‘ಕ’ ಬೇರೊಂದು ನೀರಿನ ಬಳಿ, ಗೂಡಿನ ಸುಳಿವಿಲ್ಲದ ಕಡೆ, ನಾಲ್ಕು ಬೆಳಗು ಕೂತರು. ಬೆಳಕು ಹರಿಯುವ ಮೊದಲೇ ಹೋಗಿ, ಲೆನ್ಸನ್ನು ಚೀಲದಿಂದ ತೆಗೆದು ಹೊರಗಿನ ತಂಪಿಗೆ ಅರ್ಧ ಗಂಟೆ ಬಿಟ್ಟು, ನೆಲಕ್ಕೆ ಹತ್ತಿರದ ಟ್ರೈಪಾಡಿನ ಹಿಂದೆ ಮರೆಯಲ್ಲಿ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ 7:10ಕ್ಕೆ ಗಂಡೊಂದು ತಾನಾಗಿ ಬಂದು 14 ಮೀಟರ್ ದೂರದ ಕಂಬದ ಮೇಲೆ ಕೂತಿತು. ಈ ದೂರಕ್ಕೆ ಹಕ್ಕಿ 2,700 ಪಿಕ್ಸೆಲ್‌ಗೂ ಹೆಚ್ಚು ಉದ್ದ ಬೀಳುತ್ತದೆ. ಐಎಸ್‌ಒ 1250. 4800×3200ಕ್ಕೆ ಕ್ರಾಪ್ ಮಾಡಿದರೆ 24 ಇಂಚಿಗೆ ಇಂಚಿಗೆ 200 ಪಿಕ್ಸೆಲ್. ಗೋಡೆಯಿಂದ ಒಂದೂವರೆ ಮೀಟರ್ ದೂರ ನಿಂತವರಿಗೆ ನಾಯ್ಸ್ ಕಾಣಲಿಲ್ಲ, ಎರಡೂ ಎದೆಪಟ್ಟಿ ಕಂಡವು.

ಹಾರುವ ಹೆಣ್ಣಿನ ಚಿತ್ರವನ್ನು ಕೈಬಿಡಲಿಲ್ಲ. ಎಐ ಮುಟ್ಟದ ಮೂಲ ಫೈಲಿನಿಂದ, ಇಪ್ಪತ್ತೆರಡರಲ್ಲಿ ಗಾಳಿ ಕಡಿಮೆ ಕದಡಿದ್ದ ಹದಿನೇಳನೆಯ ಫ್ರೇಮನ್ನು ಆರಿಸಿ 12×8 ಇಂಚಿಗೆ ಮುದ್ರಿಸಿದರು, ಇಂಚಿಗೆ 150. ಚಿಕ್ಕ ಚಿತ್ರವಾದ್ದರಿಂದ ನೋಡುವವರು ಹತ್ತಿರ ಹೋಗಿ ಬಗ್ಗಿ ನೋಡಬೇಕಿತ್ತು. ಕೆಳಗಿನ ಚೀಟಿಯಲ್ಲಿ ‘ಹೆಣ್ಣು. ಎದೆಪಟ್ಟಿಯ ನಡುವೆ ಬಿಳಿ ಸೀಳು ಗಮನಿಸಿ’ ಎಂದಿತ್ತು. ಸ್ಥಳ ಎಂಬ ಕಡೆ: ‘ನೀರಿನ ದಂಡೆ’.